ಗೋಧಿ ಬಿಡುವ ಮೊದಲು, ಬಿಟ್ಟ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳಿರುವ ಮನೆಯಲ್ಲಿ ಗ್ಲುಟೆನ್ ಬಿಡುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಕಾಯಿಲೆ ಇರುವವರು ಅದನ್ನು ತಿಂದರೆ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಮೈದಾ, ರವೆ, ಗೋಧಿ ಕಡಿ ಎಲ್ಲವೂ ಗೋಧಿಯೇ.

ಪ್ರಶ್ನೆ: ಆರು ವರ್ಷದ ಮಗಳಿಗೆ ಸೀಲಿಯಾಕ್ ಇದೆ ಎಂದು ಕಳೆದ ವಾರ ಗೊತ್ತಾಯಿತು. ಮೂರು ವರ್ಷದ ಮಗನೂ ಇದ್ದಾನೆ, ಅತ್ತೆ ಮಾವ ಜೊತೆಗಿದ್ದಾರೆ. ಒಬ್ಬಳಿಗೆ ಬೇರೆ ಅಡುಗೆ ಯಾಕೆ, ನಾಳೆಯಿಂದಲೇ ಇಡೀ ಮನೆಗೆ ಗೋಧಿ ನಿಲ್ಲಿಸೋಣ ಎನ್ನುತ್ತಾರೆ ನಮ್ಮವರು. ಹಾಗೆ ಮಾಡಬಹುದೇ? — ಸುರತ್ಕಲ್

ಉತ್ತರ: ಮಗಳಿಗೆ ಇವತ್ತೇ ನಿಲ್ಲಿಸಿ. ಉಳಿದವರಿಗೆ ನಾಳೆಯೇ ಬೇಡ. ಸೀಲಿಯಾಕ್ ಇರುವವರ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ಕಾಯಿಲೆ ಇರುತ್ತದೆ, ಎಷ್ಟೋ ಸಲ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಮಗನಿಗೆ, ನಿಮಗೆ, ನಿಮ್ಮವರಿಗೆ ಟಿಟಿಜಿ ಐಜಿಎ ರಕ್ತ ಪರೀಕ್ಷೆ ಮಾಡಿಸಿ. ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪ್ರಮಾಣವನ್ನೂ ನೋಡಲು ಹೇಳಿ. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ ಇಲ್ಲ ಎಂದೇ ತೋರಿಸುತ್ತದೆ.

ಈ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ಹುಟ್ಟುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟು ಕೆಲವು ತಿಂಗಳು ಕಳೆದರೆ ಅವು ಇಳಿದುಹೋಗುತ್ತವೆ. ಆಗ ಮಗನಿಗೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯಬೇಕಾದರೆ ಮತ್ತೆ ದಿನವೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಕೊಡುತ್ತಾ ಕನಿಷ್ಠ ಆರು ವಾರ ಕಾಯಬೇಕು. ಕಾಯಿಲೆ ಇರುವ ಮಗುವಾದರೆ ಆ ಆರು ವಾರ ಹೊಟ್ಟೆನೋವು, ಭೇದಿ, ಅಳು. ಆದ್ದರಿಂದ ವರದಿ ಕೈಗೆ ಬರುವವರೆಗೆ ಅವನ ಚಪಾತಿ, ಬಿಸ್ಕತ್ತು ಎಂದಿನಂತೆ ನಡೆಯಲಿ. ಈಗ ಇಲ್ಲ ಎಂದು ಬಂದರೂ ಎರಡು ಮೂರು ವರ್ಷಕ್ಕೊಮ್ಮೆ, ಅಥವಾ ತೂಕ ನಿಂತರೆ, ರಕ್ತ ಕಡಿಮೆಯಾದರೆ ಕೂಡಲೇ ಮತ್ತೆ ನೋಡಿಸಿ.

ವರದಿ ಬಂದ ಮೇಲೆ ಇಡೀ ಮನೆಗೆ ಒಂದೇ ಅಡುಗೆ ಮಾಡುವುದು ನಮ್ಮ ಸಲಹೆಯೂ ಹೌದು. ಮೂರು ವರ್ಷದ ಮಗು ಬಿಸ್ಕತ್ತು ಹಿಡಿದು ಮನೆಯೆಲ್ಲ ಓಡಾಡುತ್ತದೆ, ಅಕ್ಕನ ತಟ್ಟೆಗೆ ಕೈ ಹಾಕುತ್ತದೆ. ಅದನ್ನು ದಿನವಿಡೀ ಕಾಯುವುದು ಯಾರಿಂದಲೂ ಆಗದು. ಅತ್ತೆ ಮಾವನಿಗೆ ರಾತ್ರಿ ಚಪಾತಿ ಬೇಕೇ ಬೇಕು ಎಂದಾದರೆ ಮಗಳ ಅಡುಗೆ ಮೊದಲು ಮುಗಿಯಲಿ, ಮುಚ್ಚಿಡಿ, ಆಮೇಲೆ ಗೋಧಿ ಹಿಟ್ಟಿನ ಡಬ್ಬಿ ತೆರೆಯಿರಿ. ಹಾರಿದ ಹಿಟ್ಟು ಕೆಳಗೆ ಕೂರುತ್ತದೆ, ಹಾಗಾಗಿ ಮಗಳ ಸಾಮಾನು ಮೇಲಿನ ಕಪಾಟಿನಲ್ಲಿರಲಿ.

ಪಾತ್ರೆಗಳಲ್ಲಿ ಸ್ಟೀಲು, ಗಾಜು ಸೋಪು ಹಾಕಿ ತೊಳೆದರೆ ಸಾಕು. ಮರದ ಲಟ್ಟಣಿಗೆ, ಮಣೆ, ಮರದ ಸಟ್ಟುಗ, ಹಿಟ್ಟಿನ ಜರಡಿ, ಚಪಾತಿ ಮಾಡಿದ ಕಬ್ಬಿಣದ ಕಾವಲಿ, ಟೋಸ್ಟರ್ ಇವು ಮಗಳಿಗೆ ಹೊಸದೇ ಬೇಕು. ಮರದ ಬಿರುಕಲ್ಲಿ, ಜರಡಿಯ ಕಣ್ಣಲ್ಲಿ ಕೂತ ಹಿಟ್ಟು ತೊಳೆದರೆ ಹೋಗುವುದಿಲ್ಲ. ಬೆಂಕಿಯಲ್ಲಿ ಕಾಯಿಸಿದರೆ ಗ್ಲುಟೆನ್ ಸಾಯುತ್ತದೆ ಎಂದು ಕೆಲವರು ನಂಬಿದ್ದಾರೆ. ಅದು ಬ್ಯಾಕ್ಟೀರಿಯಾ ಅಲ್ಲ, ಪ್ರೋಟೀನು. ಅಡುಗೆಯ ಬಿಸಿಗೆ ಏನೂ ಆಗುವುದಿಲ್ಲ. ಬೆಣ್ಣೆ, ಜಾಮ್ ಬಾಟಲಿಗಳೂ ಅವಳಿಗೆ ಬೇರೆ ಇರಲಿ, ಬ್ರೆಡ್ ಸವರಿದ ಚಮಚ ಮತ್ತೆ ಅದರೊಳಗೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಅನ್ನ ತಿನ್ನುವ ಮನೆ. ಮಗನಿಗೆ ಎಂಟು ತಿಂಗಳಿಂದ ಚಪಾತಿ, ಬ್ರೆಡ್, ಬಿಸ್ಕತ್ತು ಯಾವುದೂ ಇಲ್ಲ. ಇಡ್ಲಿ, ನೀರುದೋಸೆ, ಗಂಜಿ, ಸಾರು, ಮೀನು ಅಷ್ಟೇ. ಆದರೂ ಟಿಟಿಜಿ ಇಳಿದಿಲ್ಲ. ಡಾಕ್ಟರು ಎಲ್ಲಿಂದಲೋ ಗ್ಲುಟೆನ್ ಹೋಗುತ್ತಿದೆ ಎನ್ನುತ್ತಾರೆ. ಎಲ್ಲಿಂದ? — ಉಡುಪಿ

ಉತ್ತರ: ಸಾರಿನಿಂದಲೇ ಹುಡುಕಲು ಶುರು ಮಾಡಿ. ಅಂಗಡಿಯ ಹಿಂಗಿನ ಪುಡಿ ಶುದ್ಧ ಹಿಂಗಲ್ಲ. ಹಿಂಗಿನ ಅಂಟನ್ನು ಮೈದಾ ಅಥವಾ ಅಕ್ಕಿ ಹಿಟ್ಟು ಮತ್ತು ಗೋಂದಿನ ಜೊತೆ ಬೆರೆಸಿ ಮಾಡಿದ ಬಂಧಾನಿ ಹಿಂಗು ಅದು. ಹೆಚ್ಚಿನ ಡಬ್ಬಿಗಳಲ್ಲಿ ಬೆರೆಸಿರುವುದು ಗೋಧಿ ಹಿಟ್ಟೇ. ಗಟ್ಟಿ ಹಿಂಗಿನಲ್ಲೂ ಹಾಗೆಯೇ ಇರಬಹುದು. ಉಡುಪಿಯ ಅಡುಗೆಯಲ್ಲಿ ಹಿಂಗು ಬೀಳದ ದಿನವಿಲ್ಲ: ಸಾರು, ಹುಳಿ, ಗೊಜ್ಜು, ಉಪ್ಪಿನಕಾಯಿ, ಚಕ್ಕುಲಿ, ಅಂಗಡಿಯ ಸಾರಿನ ಪುಡಿ. ಚಿಟಿಕೆ ತಾನೇ ಎನಿಸುತ್ತದೆ. ಆದರೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿಂಗಳುಗಟ್ಟಲೆ ಹೋದರೆ ಕರುಳಿಗೆ ಪೆಟ್ಟಾಗುತ್ತದೆ. ಒಂದು ಚಪಾತಿಯಲ್ಲಿರುವ ಗ್ಲುಟೆನ್ ಎರಡೂವರೆ ಗ್ರಾಂ ಆಸುಪಾಸು, ಅಂದರೆ 50 ಮಿಲಿಗ್ರಾಂ ಎಂಬುದು ಚಪಾತಿಯ ಐವತ್ತರಲ್ಲಿ ಒಂದು ಪಾಲು. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್‌ರಹಿತ ಎಂದು ಮುದ್ರಿಸಿದ ಹಿಂಗು ಸಿಗುತ್ತದೆ, ಅದನ್ನೇ ತನ್ನಿ. ಸಿಗುವವರೆಗೆ ಹಿಂಗು ಬಿಟ್ಟು ಜೀರಿಗೆ, ಕರಿಬೇವಿನ ಒಗ್ಗರಣೆ ಹಾಕಿ. ಬೆಳ್ಳುಳ್ಳಿ ತಿನ್ನುವ ಮನೆಯಾದರೆ ಜಜ್ಜಿದ ಎರಡು ಎಸಳು ಸಾಕು.

ಎರಡನೆಯದು ಹಿಟ್ಟಿನ ಗಿರಣಿ. ನೀವು ಕೊಟ್ಟದ್ದು ಅಕ್ಕಿಯೇ ಇರಬಹುದು, ನಿಮಗಿಂತ ಮೊದಲು ಬಂದವರು ಕೊಟ್ಟದ್ದು ಗೋಧಿ. ಕಲ್ಲಿನ ನಡುವೆ, ಬಟ್ಟೆಯ ಚೀಲದಲ್ಲಿ ಉಳಿದದ್ದೆಲ್ಲ ನಿಮ್ಮ ಹಿಟ್ಟಿಗೆ ಬರುತ್ತದೆ. ಮೊದಲ ಅರ್ಧ ಕಿಲೋ ಬೇರೆ ತೆಗೆದಿಟ್ಟರೂ ನಂಬುವಂತಿಲ್ಲ. ರಾಗಿ, ಕೊತ್ತಂಬರಿ, ಮೆಣಸಿನ ಪುಡಿಗೂ ಇದೇ ಮಾತು. ನೆನೆಸಿ ಮನೆಯ ಗ್ರೈಂಡರಿನಲ್ಲಿ ಕಡೆಯುವ ನಮ್ಮ ಕರಾವಳಿಯ ಕ್ರಮವೇ ಇದಕ್ಕೆಲ್ಲ ಉತ್ತರ. ನೀರುದೋಸೆ, ಪುಂಡಿ, ಪತ್ರೊಡೆ, ಮೂಡೆ, ಒತ್ತು ಶ್ಯಾವಿಗೆ ಯಾವುದಕ್ಕೂ ಗಿರಣಿ ಬೇಕಾಗಿಲ್ಲ. ಒಣ ಹಿಟ್ಟು ಬೇಕೇ ಆದರೆ ಬೆಳ್ತಿಗೆ ಅಕ್ಕಿ ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಹೊಸ ಜರಡಿಯಲ್ಲಿ ಜರಡಿ ಹಿಡಿಯಿರಿ. ನುಣ್ಣಗಾಗದೆ ಉಳಿದ ತರಿಯನ್ನು ಉಪ್ಪಿಟ್ಟಿಗೆ ಇಟ್ಟುಕೊಳ್ಳಿ: ಒಂದು ಕಪ್ ತರಿಗೆ ಎರಡೂಕಾಲು ಕಪ್ ನೀರು. ಸಜ್ಜಿಗೆಯ ಜಾಗ ತುಂಬುತ್ತದೆ.

ಸಜ್ಜಿಗೆ ಎಂದೆವಲ್ಲ, ರವೆ ವಿಷಯದಲ್ಲಿ ಅಜ್ಜಿಯಂದಿರು ಮೋಸಹೋಗುತ್ತಾರೆ. ಇಡ್ಲಿ ರವೆ ಅಕ್ಕಿಯದ್ದು. ಚಿರೋಟಿ ರವೆ, ಬನ್ಸಿ ರವೆ, ಸಜ್ಜಿಗೆ ರವೆ ಗೋಧಿಯದ್ದು. ಪ್ಯಾಕೆಟ್ಟಿನ ಶ್ಯಾವಿಗೆ ಪಾಯಸವೂ ಗೋಧಿ. ಮಗುವಿಗೆ ಉರಿಮೂತ್ರ ಎಂದು ಕುಡಿಸುವ ಬಾರ್ಲಿ ನೀರು, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು, ಮಾಲ್ಟ್ ಸತ್ವ ಸೇರಿಸಿದ ಕಾರ್ನ್‌ಫ್ಲೇಕ್ಸ್ ಎಲ್ಲದರಲ್ಲೂ ಬಾರ್ಲಿ ಇದೆ. ಮನೆಯಲ್ಲಿ ಮೊಳಕೆ ಬರಿಸಿ ಮಾಡಿದ ರಾಗಿ ಮಾಲ್ಟ್‌ಗೆ ದೋಷವಿಲ್ಲ. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಓಟ್ಸ್ ಬೇರೆ ಧಾನ್ಯವಾದರೂ ಗೋಧಿಯ ಜೊತೆ ಬೆರೆತೇ ಬರುತ್ತದೆ. ಗ್ಲುಟೆನ್‌ರಹಿತ ಎಂದು ಬರೆದದ್ದನ್ನೂ ಟಿಟಿಜಿ ಇಳಿಯುವವರೆಗೆ ಕೊಡಬೇಡಿ.

ಮೀನಿನ ಬಗ್ಗೆ ಬರೆದಿದ್ದೀರಿ. ಮನೆಯ ಬಂಗುಡೆ ಗಸಿ, ಅಕ್ಕಿ ಹಿಟ್ಟು ಸವರಿ ಕಾಯಿಸಿದ ಮೀನು ಸರಿ. ಹೋಟೆಲಿನಲ್ಲಿ ಮಸಾಲಾ ಫ್ರೈ ಕೇಳಿದರೂ ರವಾ ಫ್ರೈ ಬೆಂದ ಕಾವಲಿಯಲ್ಲೇ ಅದೂ ಬೇಯುತ್ತದೆ. ಗೋಳಿಬಜೆ ಕರಿದ ಎಣ್ಣೆಯಲ್ಲಿ ಕರಿದ ಅಂಬಡೆಯೂ ಹಾಗೆಯೇ. ಹೋಟೆಲಿನ ದೋಸೆ ಗರಿಗರಿಯಾಗಲಿ ಎಂದು ಹಿಟ್ಟಿಗೆ ಮೈದಾ, ರವೆ ಸೇರಿಸುವವರಿದ್ದಾರೆ. ಹೊರಗೆ ಹೋದಾಗ ಇಡ್ಲಿ, ಬಿಳಿ ಅನ್ನ, ಮೊಸರು, ಕಾಯಿ ಚಟ್ನಿ ಕ್ಷೇಮ. ಚಟ್ನಿಯ ಒಗ್ಗರಣೆಗೆ ಹಿಂಗು ಬಿದ್ದಿದೆಯೇ ಕೇಳಿಕೊಳ್ಳಿ. ಗಡ್‌ಬಡ್‌ ಕೊಡಿಸುವುದಾದರೆ ವೇಫರ್ ಇಡಬೇಡಿ ಎಂದು ಮೊದಲೇ ಹೇಳಿ, ಐಸ್‌ಕ್ರೀಮಿನೊಳಗೆ ಬಿಸ್ಕತ್ತಿನ ಚೂರಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಶಾಲೆಯಲ್ಲಿ ಮಕ್ಕಳು ಬೊಂಬೆ ಮಾಡುವ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರುವುದುಂಟು. ಆಡಿದ ಕೈ ಬಾಯಿಗೆ ಹೋಗುವ ವಯಸ್ಸಾದರೆ ಟೀಚರಿಗೆ ತಿಳಿಸಿ.

ಪ್ಯಾಕೆಟ್ ಕೊಳ್ಳುವಾಗ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ನಮ್ಮ ದೇಶದ ನಿಯಮದಂತೆ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಕಡಿಮೆ ಗ್ಲುಟೆನ್ ಎಂದು ಬರೆದದ್ದು ನಿಮ್ಮ ಮಗನಿಗೆ ಬೇಡ.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಮಲಬದ್ಧತೆ. ಮಕ್ಕಳಿಗೆ ಗ್ಲುಟೆನ್ ಒಳ್ಳೆಯದಲ್ಲ ಎಂದು ಕೇಳಿದ್ದೇನೆ. ನಿಲ್ಲಿಸಿ ನೋಡಲೇ? — ಕಾರ್ಕಳ

ಉತ್ತರ: ಬೇಡ. ಸೀಲಿಯಾಕ್ ಇಲ್ಲದ, ಗೋಧಿಯ ಅಲರ್ಜಿ ಇಲ್ಲದ ಮಗುವಿಗೆ ಗ್ಲುಟೆನ್ ಬಿಟ್ಟರೆ ಯಾವ ಲಾಭವೂ ಇಲ್ಲ. ಈ ವಯಸ್ಸಿನಲ್ಲಿ ಮಲಬದ್ಧತೆಗೆ ಹೆಚ್ಚಾಗಿ ಕಾರಣ ಹಾಲು ಜಾಸ್ತಿಯಾಗಿ ಊಟ ಕಡಿಮೆಯಾಗುವುದು. ದಿನಕ್ಕೆ ಹಾಲು 400 ಮಿಲಿ ಮೀರದಿರಲಿ, ಬಸಳೆ, ಹೆಸರುಕಾಳು, ಪಪ್ಪಾಯಿ, ನೀರು ಹೆಚ್ಚಲಿ. ಅಷ್ಟಾದರೂ ಸರಿಹೋಗದಿದ್ದರೆ, ತೂಕ ಏರದಿದ್ದರೆ, ಹೊಟ್ಟೆ ಉಬ್ಬಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಗೋಧಿ ತಿನ್ನುತ್ತಿರುವಾಗಲೇ ಕೇಳಿ. ಅಂಗಡಿಯ ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತಿನಲ್ಲಿ ಇರುವುದು ಹೆಚ್ಚಿನಂಶ ಪಿಷ್ಟ, ಸಕ್ಕರೆ, ಕೊಬ್ಬು. ನಾರು ಕಡಿಮೆ. ಮಲಬದ್ಧತೆ ಹೆಚ್ಚಲೂಬಹುದು.

ಪ್ರಶ್ನೆ: ಮಗಳ ಟಿಫಿನ್‌ಗೆ ಅಕ್ಕಿ ರೊಟ್ಟಿ ಹಾಕಿದರೆ ಹನ್ನೊಂದು ಗಂಟೆಗೆ ಚರ್ಮದಂತಾಗುತ್ತದೆ. ಗೆಳತಿಯರು ಬನ್ಸ್ ತರುತ್ತಾರೆ, ಇವಳಿಗೂ ಬೇಕು. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಬನ್ಸ್ ಎಣ್ಣೆಯಲ್ಲೇ ಒಡೆದುಹೋಯಿತು. — ಕದ್ರಿ, ಮಂಗಳೂರು

ಉತ್ತರ: ಬನ್ಸ್ ಉಬ್ಬುವುದು ಒಳಗಿನ ಹಬೆಯನ್ನು ಮೈದಾದ ಗ್ಲುಟೆನ್ ರಬ್ಬರಿನಂತೆ ಎಳೆದು ಹಿಡಿಯುವುದರಿಂದ. ಅಕ್ಕಿಗೆ ಆ ಗುಣವಿಲ್ಲ, ಆದ್ದರಿಂದ ಒಡೆಯಿತು. ಅದೇ ರುಚಿಗೆ ಬಾಳೆಹಣ್ಣಿನ ಗುಳಿಯಪ್ಪ ಮಾಡಿ. ಒಂದು ಕಪ್ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಿರಿ. ಅರ್ಧ ಕಪ್ ಬೆಲ್ಲ, ಕಾಲು ಕಪ್ ಕಾಯಿತುರಿ, ಎರಡು ಚೆನ್ನಾಗಿ ಕಳಿತ ಬಾಳೆಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಕಡೆಯಿರಿ. ನೀರು ಹಾಕಲೇಬೇಡಿ, ಬೆಲ್ಲ ಮತ್ತು ಹಣ್ಣಿನ ನೀರೇ ಸಾಕು. ಹಿಟ್ಟು ತೆಳುವಾದರೆ ಮೇಲೆ ಕೆಂಪಾಗಿ ನಡುವೆ ಹಸಿ ಉಳಿಯುತ್ತದೆ, ಕಾವಲಿಗೂ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ತುಪ್ಪ ಬಿಟ್ಟು ಮುಚ್ಚಿ ಬೇಯಿಸಿ. ಗೋಳಿಬಜೆ ಆಸೆಗೆ ಬಿಸ್ಕುಟ್ ಅಂಬಡೆ ಇದ್ದೇ ಇದೆ: ಉದ್ದಿನಬೇಳೆ ಗಾಳಿಯನ್ನು ಹಿಡಿದಿಡುತ್ತದೆ, ಅದಕ್ಕೇ ಅದು ಹಗುರ. ಹಿಂಗು ಮಾತ್ರ ನೋಡಿ ಹಾಕಿ.

ರೊಟ್ಟಿಗೆ ಒಂದು ಕಪ್ ಹಿಟ್ಟಿಗೆ ಒಂದೂಕಾಲು ಕಪ್ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತೆಂಗಿನೆಣ್ಣೆ. ನೀರು ಕೊತಕೊತ ಕುದಿಯುವಾಗಲೇ ಹಿಟ್ಟು ಸುರಿದು, ಉರಿ ಆರಿಸಿ, ಕಲಕಿ, ಹತ್ತು ನಿಮಿಷ ಮುಚ್ಚಿಡಿ. ಬಿಸಿ ಇರುವಾಗಲೇ ನಾದಿ. ನೀರು ಕುದಿ ಬಾರದಿದ್ದರೆ ಪಿಷ್ಟ ಬೇಯದೆ ಅಂಚು ಬಿರಿಯುತ್ತದೆ. ಬೇಯಿಸಿ ಹಿಸುಕಿದ ಗೆಣಸು ಕಾಲು ಕಪ್ ಸೇರಿಸಿದರೆ ಮೆತ್ತಗಿನ ಗುಣ ಹೆಚ್ಚು ಹೊತ್ತು ಇರುತ್ತದೆ. ಹಿಂದಿನ ರಾತ್ರಿ ಮಾಡಿ ಫ್ರಿಜ್‌ನಲ್ಲಿಡುತ್ತಿದ್ದರೆ ಅದನ್ನು ಬಿಡಿ. ಬೆಂದ ಅಕ್ಕಿಯ ಪಿಷ್ಟ ಬೇಗ ಗಟ್ಟಿಯಾಗುವುದು ಫ್ರಿಜ್‌ನ ತಂಪಿನಲ್ಲೇ. ಇಷ್ಟಾಗಿಯೂ ರೊಟ್ಟಿಯೇ ಯಾಕೆ? ಉದ್ದು ಸೇರಿ ಹುದುಗಿದ ಮೂಡೆ, ಒಗ್ಗರಣೆ ಹಾಕಿದ ಒತ್ತು ಶ್ಯಾವಿಗೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತವೆ.

ಪ್ರಶ್ನೆ: ಮಗನಿಗೆ ಸೀಲಿಯಾಕ್. ಬರುವ ವರ್ಷ ಅವನ ಪ್ರಥಮ ಪರಮಪ್ರಸಾದ. ಇಗರ್ಜಿಯಲ್ಲಿ ಪ್ರಸಾದವಾಗಿ ಕೊಡುವ ತೆಳು ರೊಟ್ಟಿ, ಓಸ್ತಿ, ಗೋಧಿಯದ್ದು. ಇನ್ನೊಂದು, ಗೋಧಿ ಬಿಟ್ಟ ಮೇಲೂ ಹಾಲು ಕುಡಿದರೆ ಭೇದಿಯಾಗುತ್ತದೆ. — ಮೂಡುಬಿದಿರೆ

ಉತ್ತರ: ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಓಸ್ತಿ ಗೋಧಿಯದ್ದೇ ಆಗಬೇಕು, ಪೂರ್ತಿ ಗ್ಲುಟೆನ್ ಇಲ್ಲದ್ದನ್ನು ಒಪ್ಪುವುದಿಲ್ಲ. ಅತ್ಯಲ್ಪ ಗ್ಲುಟೆನ್ ಇರುವ ಓಸ್ತಿಗೆ ಒಪ್ಪಿಗೆ ಇದೆ, ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಲೂಬಹುದು. ರೋಮ್ 2003ರಲ್ಲಿ ಹೇಳಿದ್ದನ್ನು 2017ರ ಸುತ್ತೋಲೆ ಮತ್ತೆ ಹೇಳಿದೆ. ಧರ್ಮಗುರುಗಳ ಬಳಿ ಈಗಲೇ ಮಾತಾಡಿ. ಓಸ್ತಿಯಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಇರುವುದನ್ನು ತರಿಸಬೇಕು, ಮುಚ್ಚಿದ ಬೇರೆ ಡಬ್ಬಿಯಲ್ಲಿ ಇಡಬೇಕು. ದ್ರಾಕ್ಷಾರಸವಾದರೆ ಅವನ ಪಾನಪಾತ್ರೆ ಬೇರೆಯೇ ಇರಲಿ, ಯಾಕೆಂದರೆ ಪೂಜೆಯಲ್ಲಿ ಗುರುಗಳ ಪಾತ್ರೆಗೆ ಓಸ್ತಿಯ ತುಣುಕು ಬೀಳುತ್ತದೆ.

ಹಾಲಿನ ತೊಂದರೆ ಹೆಚ್ಚಾಗಿ ತಾತ್ಕಾಲಿಕ. ಹಾಲಿನ ಸಕ್ಕರೆಯನ್ನು ಕರಗಿಸುವ ಲ್ಯಾಕ್ಟೇಸ್ ಹುಟ್ಟುವುದು ಕರುಳಿನ ಒಳಪದರದ ತುದಿಯಲ್ಲಿ, ಕಾಯಿಲೆಯಿಂದ ಮೊದಲು ಹಾಳಾಗುವುದೂ ಆ ತುದಿಯೇ. ಪದರ ಮತ್ತೆ ಬೆಳೆಯಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಅಲ್ಲಿವರೆಗೆ ಹಾಲಿನ ಬದಲು ಮೊಸರು, ಮಜ್ಜಿಗೆ ಕೊಡಿ. ಸುಣ್ಣದಂಶಕ್ಕೆ ರಾಗಿ ಮಣ್ಣಿ (100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ), ಮುಳ್ಳು ಮೆತ್ತಗಾಗುವಂತೆ ಬೇಯಿಸಿದ ಬೂತಾಯಿ. ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಎಷ್ಟಿದೆ ಎಂದು ನೋಡಿಸಿ, ಕಡಿಮೆ ಇದ್ದರೆ ಡಾಕ್ಟರು ಔಷಧಿ ಬರೆಯುತ್ತಾರೆ. ಆ ಮಾತ್ರೆ, ಸಿರಪ್ಪುಗಳಲ್ಲಿ ಗೋಧಿಯ ಪಿಷ್ಟ ಇಲ್ಲ ಎಂದು ಕೇಳಿ ತನ್ನಿ. ಆರು ತಿಂಗಳಿಗೊಮ್ಮೆ ಟಿಟಿಜಿ ನೋಡಿಸಿ, ತೂಕ ಮತ್ತು ಎತ್ತರ ಬರೆದಿಡಿ. ಟಿಟಿಜಿ ಇಳಿಯುತ್ತಾ ಬಂದು ತೂಕ ಏರಿದ ಮೇಲೆ ಕಾಲು ಲೋಟ ಹಾಲಿನಿಂದ ಮತ್ತೆ ಶುರು ಮಾಡಬಹುದು.