ಮೇಘಾಲಯಕ್ಕೆ ಒಬ್ಬನೇ ಹೊರಟಿದ್ದೇನೆ, ಅಲ್ಲಿನ ಜನರೊಂದಿಗೆ ಬೆರೆಯುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಈವರೆಗಿನ ಪ್ರವಾಸಗಳಲ್ಲಿ ಜಾಗಗಳನ್ನೆಲ್ಲ ನೋಡಿದಿರಿ, ಆದರೆ ಆಯಾ ಊರಿನ ಒಬ್ಬರೊಡನೆಯೂ ನೆಟ್ಟಗೆ ನಾಲ್ಕು ಮಾತು ಆಡಲಾಗಲಿಲ್ಲ. ಹೋದಲ್ಲೆಲ್ಲ ‘ನಾನು ಇಲ್ಲಿಯವನಲ್ಲ’ ಎಂಬ ಇರಿಸುಮುರಿಸು ಕಾಡಿತು. ಈಗ ಶಿಲ್ಲಾಂಗ್, ಸೊಹ್ರಾ (ನಾವು ಚಿರಾಪುಂಜಿ ಎನ್ನುವ ಊರು) ಕಡೆ ಹೊರಟಿದ್ದೀರಿ, ಈ ಸಲವೂ ಹಾಗೆಯೇ ಆದೀತೇ ಎಂಬ ಅಳುಕಿದೆ.

ನಾನು ಸಾಗರದ ಕಡೆ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದದ್ದು. ಉದ್ಯೋಗದ ನಿಮಿತ್ತ ಕೆಲವು ವರ್ಷ ಗುವಾಹಟಿಯಲ್ಲಿದ್ದೆ. ಅಲ್ಲಿಂದ ಶಿಲ್ಲಾಂಗ್ ಸುಮಾರು ನೂರು ಕಿಲೋಮೀಟರ್, ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತಿಬಿಡುತ್ತಿದ್ದೆ. ಆ ಓಡಾಟದ ಬಲದ ಮೇಲೆ ಹೇಳುವುದಾದರೆ, ಬೆರೆಯಲೇಬೇಕು ಎಂಬ ಹಟವನ್ನು ಮೊದಲು ಬಿಡಿ. ಆ ಊರಿನವರ ದಿನಚರಿಯಲ್ಲಿ ನಿಮಗೂ ಒಂದು ಸಣ್ಣ ಪಾತ್ರ ಸಿಗುವಂಥ ಜಾಗಗಳನ್ನು ಹುಡುಕಿ. ಗಿರಾಕಿ, ಸಹಪ್ರಯಾಣಿಕ, ಮಳೆಗೆ ಸಿಕ್ಕಿ ಯಾರದೋ ಜಗಲಿಯಲ್ಲಿ ನಿಂತವನು: ಇಷ್ಟಾದರೂ ಸಾಕು. ಜಲಪಾತದ ಎದುರಿನ ಕಟ್ಟೆಯ ಮೇಲೆ ನಿಂತ ಪ್ರವಾಸಿಗೆ ಅಲ್ಲಿನವರ ಬದುಕಿನಲ್ಲಿ ಟಿಕೆಟ್ ದುಡ್ಡು ಕೊಡುವುದನ್ನು ಬಿಟ್ಟರೆ ಬೇರೆ ಪಾತ್ರವೇ ಇಲ್ಲ. ಅಲ್ಲಿ ನಿಂತು, ಯಾರೂ ಮಾತಾಡಿಸಲಿಲ್ಲವಲ್ಲ ಎಂದು ಕೊರಗಿ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ. ಶಿಲ್ಲಾಂಗ್, ಸೊಹ್ರಾ ಇರುವ ಖಾಸಿ ಬುಡಕಟ್ಟಿನವರ ಬೆಟ್ಟಗಳಲ್ಲಿ ನೀವು ಹೊರಗಿನವರು ಎಂಬುದಕ್ಕೆ ಕಾನೂನಿನ ಮುದ್ರೆಯೇ ಇದೆ. ಮೇಘಾಲಯದ 1971ರ ಭೂ ವರ್ಗಾವಣೆ ನಿಯಂತ್ರಣ ಕಾಯ್ದೆಯಿಂದಾಗಿ ಬುಡಕಟ್ಟಿನವರಲ್ಲದವರು ಅಲ್ಲಿ ಸುಲಭಕ್ಕೆ ಜಮೀನು ಕೊಳ್ಳುವಂತಿಲ್ಲ. ಸಂವಿಧಾನದ ಆರನೇ ಅನುಸೂಚಿಯಡಿ ಸ್ವಾಯತ್ತ ಜಿಲ್ಲಾ ಪರಿಷತ್ತುಗಳಿವೆ. 1972ರ ಜನವರಿಯಲ್ಲಿ ಮೇಘಾಲಯ ಅಸ್ಸಾಮಿನಿಂದ ಬೇರೆಯಾಗಿ ಪೂರ್ಣ ರಾಜ್ಯವಾದದ್ದರ ಹಿಂದೆಯೂ ನೆಲ, ನುಡಿ ಕೈತಪ್ಪೀತು ಎಂಬ ಭಯವೇ ಇತ್ತು. ತ್ರಿಪುರಾದ ಬುಡಕಟ್ಟುಗಳು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದುದನ್ನು ಅಲ್ಲಿ ಈಗಲೂ ಉದಾಹರಿಸುತ್ತಾರೆ. 1979ರಲ್ಲಿ, ಆಮೇಲೆಯೂ, ಶಿಲ್ಲಾಂಗಿನಲ್ಲಿ ಹೊರಗಿನವರ ವಿರುದ್ಧ ಗಲಭೆಗಳು ನಡೆದು ಎಷ್ಟೋ ಕುಟುಂಬಗಳು ಊರು ಬಿಟ್ಟಿವೆ. ಹೆದರಿಸಲು ಇದನ್ನು ಹೇಳುತ್ತಿಲ್ಲ, ಓಡಾಡಿಕೊಂಡಿದ್ದ ನನಗೆ ಯಾವ ತೊಂದರೆಯೂ ಆಗಿಲ್ಲ. ಆದರೆ ಟ್ಯಾಕ್ಸಿಯಲ್ಲಿ ಪಕ್ಕಕ್ಕೆ ಕುಳಿತವರು ನಿಮ್ಮತ್ತ ತಿರುಗಿ ನಗದಿದ್ದರೆ ಅದನ್ನು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಆ ಬಿಗುವಿಗೆ ನಿಮಗಿಂತ ವಯಸ್ಸು ಜಾಸ್ತಿ.

ಭಾಷೆಯ ಚಿಂತೆ ಅಷ್ಟೇನೂ ಬೇಡ. ಓದಿದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಸಲೀಸು, ಮಾರುಕಟ್ಟೆಯವರಿಗೆ ವ್ಯಾಪಾರಕ್ಕೆ ಸಾಲುವಷ್ಟು ಹಿಂದಿ ಬರುತ್ತದೆ. ಖಾಸಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. 1841ರಲ್ಲಿ ಸೊಹ್ರಾಕ್ಕೆ ಬಂದ ವೇಲ್ಸ್ ದೇಶದ ಪಾದ್ರಿ ಥಾಮಸ್ ಜೋನ್ಸ್ ಹಾಕಿಕೊಟ್ಟ ಪದ್ಧತಿ ಅದು. ಹಾಗಾಗಿ ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಬಹುದು, ಒಂದರ ಅರ್ಥವೂ ಹೊಳೆಯುವುದಿಲ್ಲ. ಹೆಂಗಸರನ್ನು ‘ಕೊಂಗ್’ ಎಂದೂ ಗಂಡಸರನ್ನು ‘ಬಾಹ್’ ಎಂದೂ ಕರೆಯಿರಿ, ಹೊರಡುವಾಗ ‘ಖುಬ್ಲೇ’ ಎನ್ನಿ. ಇಷ್ಟರಲ್ಲೇ ಬಹಳ ದೂರ ಹೋಗಬಹುದು.

ಮೊದಲು ಹೋಗಬೇಕಾದ ಜಾಗ ಕೊಂಗ್‌ಗಳ ಚಹಾ ಅಂಗಡಿ. ಒಂದು ಉದ್ದ ಬೆಂಚು, ಗಾಜಿನ ಪೆಟ್ಟಿಗೆಯಲ್ಲಿ ತಿಂಡಿ, ಒಳಗೆ ಒಲೆ. ಹಾಲು ಹಾಕದ ಕೆಂಪು ಚಹಾದ ಜೊತೆಗೆ ಪುಥಾರೊ ಎಂಬ ಅಕ್ಕಿ ರೊಟ್ಟಿ, ಹಬೆಯಲ್ಲಿ ಬೇಯಿಸಿದ ಪುಮಾಲೋಯ್, ಅಕ್ಕಿ ಹಿಟ್ಟಿಗೆ ಬೆಲ್ಲ ಸೇರಿಸಿ ಕರಿದ ಪುಖ್ಲೇನ್ ಸಿಗುತ್ತವೆ. ನನ್ನಂಥ ಸಸ್ಯಾಹಾರಿ ಅಷ್ಟರಲ್ಲೇ ಬೆಳಗು ಕಳೆಯಬಹುದು. ಜಾದೋ ಎಂದರೆ ಹಂದಿಮಾಂಸದೊಡನೆ, ಎಷ್ಟೋ ಕಡೆ ಅದರ ರಕ್ತವನ್ನೂ ಸೇರಿಸಿ ಮಾಡಿದ ಅನ್ನ. ತಿನ್ನುವವರು ತಿನ್ನಿ, ತಿನ್ನದವರು ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಕು, ಕಾರಣದ ಪ್ರವಚನ ಬೇಡ. ಪಕ್ಕದಲ್ಲೇ ಕುಳಿತು ಉಣ್ಣುತ್ತಿರುವವರ ಎದುರು ಮುಖ ಹಿಂಡುವುದಂತೂ ಬೇಡವೇ ಬೇಡ. ಮರುದಿನವೂ ಅದೇ ಅಂಗಡಿಗೆ, ಸರಿಸುಮಾರು ಅದೇ ಹೊತ್ತಿಗೆ ಹೋಗಿ. ದಿನಕ್ಕೊಂದು ಹೊಸ ಹೋಟೆಲಿನ ರುಚಿ ನೋಡುವ ಆಸೆ ಪ್ರವಾಸಿಗೆ ಸಹಜ, ಆದರೆ ಗುರುತು ಹುಟ್ಟುವುದು ಎರಡನೆಯ ಭೇಟಿಯಲ್ಲಿ. ಮೊದಲ ದಿನ ನೀವು ಯಾರೋ. ಮರುದಿನ ‘ನಿನ್ನೆ ಬಂದು ಮೂರು ಪುಖ್ಲೇನ್ ತಿಂದವನು’.

ಈಗ ಅಡಿಕೆಯ ವಿಷಯ. ಇದರಲ್ಲಿ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಖಾಸಿ ಮನೆಗೆ ಹೋದರೆ ಮೊದಲು ಮುಂದೆ ಬರುವುದು ಕ್ವಾಯ್: ಹಸಿ ಅಡಿಕೆಯ ಹೋಳು, ಸುಣ್ಣ ಸವರಿದ ವೀಳ್ಯದೆಲೆ. ನಮ್ಮ ಕಡೆಯ ಕವಳದ ಬಟ್ಟಲಿಗೂ ಅದಕ್ಕೂ ಮರ್ಯಾದೆಯಲ್ಲಿ ವ್ಯತ್ಯಾಸವಿಲ್ಲ. ಹಿಂದೆ ಅಲ್ಲಿ ದಾರಿಯ ದೂರವನ್ನೂ ಎಷ್ಟು ಕ್ವಾಯ್ ಅಗಿಯುವಷ್ಟು ಹೊತ್ತು ಎಂದು ಹೇಳುತ್ತಿದ್ದರಂತೆ. ಸತ್ತವರನ್ನು ನೆನೆಯುವಾಗ ಅವರು ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿದ್ದಾರೆ ಎನ್ನುತ್ತಾರೆ. ಕ್ವಾಯ್ ಹುಟ್ಟಿದ ಬಗ್ಗೆ ಅಲ್ಲಿ ಒಂದು ಹಳೆಯ ಕಥೆಯೂ ಇದೆ. ಒಬ್ಬ ಸಿರಿವಂತ, ಒಬ್ಬ ಬಡವ, ಇಬ್ಬರೂ ಜೀವದ ಗೆಳೆಯರು. ಸಿರಿವಂತ ಗೆಳೆಯ ಮನೆಗೆ ಬಂದ ದಿನ ಬಡವನ ಮನೆಯಲ್ಲಿ ಒಂದು ಕಾಳೂ ಇರಲಿಲ್ಲ, ಕೇಳಿದಲ್ಲಿ ಸಾಲವೂ ಹುಟ್ಟಲಿಲ್ಲ. ಅವಮಾನ ತಾಳದೆ ಗಂಡ ಹೆಂಡತಿ ಪ್ರಾಣ ಬಿಟ್ಟರು; ಅದನ್ನು ಕಂಡ ಗೆಳೆಯನೂ ಬಿಟ್ಟ; ಆ ರಾತ್ರಿ ಅಲ್ಲಿ ಅಡಗಿದ್ದ ಕಳ್ಳ, ಕೊಲೆಯ ಆರೋಪ ತನ್ನ ಮೇಲೆ ಬಂದೀತೆಂದು ತಾನೂ ಸತ್ತ. ಅವರೇ ಅಡಿಕೆ, ಎಲೆ, ಸುಣ್ಣ, ಹೊಗೆಸೊಪ್ಪಾಗಿ ಹುಟ್ಟಿದರಂತೆ. ಅಂದಿನಿಂದ ಎಂಥ ಬಡವನೂ ಬಂದವರಿಗೆ ಒಂದು ಹೋಳು ಕೊಟ್ಟು ಸತ್ಕರಿಸಬಹುದಾಯಿತು. ಬಂದವರ ಎದುರು ಬರಿಗೈಯಲ್ಲಿ ನಿಲ್ಲಬೇಕಾದ ಸಂಕಟ ಈ ಕಥೆಯಲ್ಲಿ ಮನೆಯವರದು. ಇರಿಸುಮುರಿಸು ಬಂದವನಿಗೆ ಮಾತ್ರ ಎಂದು ನಾವು ತಿಳಿದಿರುತ್ತೇವೆ.

ಶಿಲ್ಲಾಂಗಿನ ಯ್ಯೂದೂ ಮಾರುಕಟ್ಟೆಯಲ್ಲಿ, ಹೊರಗಿನವರು ಬಡಾ ಬಜಾರ್ ಎನ್ನುವ ಜಾಗದಲ್ಲಿ, ವ್ಯಾಪಾರಸ್ಥರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿ ಅಡಿಕೆ ರಾಶಿಯ ಮುಂದೆ ಕುಳಿತಿದ್ದ ಒಬ್ಬ ಹಿರಿಯ ಕೊಂಗ್ ಬಳಿ ನಿಂತು, ಇದನ್ನು ನೀವು ಬೇಯಿಸುವುದಿಲ್ಲವೇ ಎಂದು ಕೇಳಿದೆ. ಬೇಯಿಸುವುದೇ? ಅವರಿಗೆ ಅದು ತಮಾಷೆಯಾಗಿ ಕೇಳಿಸಿತು. ಮೊಬೈಲಿನಲ್ಲಿ ಮನೆಯ ಚಿತ್ರಗಳನ್ನು ತೋರಿಸಿದೆ: ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತಿರುವುದು, ಅಟ್ಟದ ಮೇಲೆ ಕೆಂಪಗೆ ಒಣಗುತ್ತಿರುವುದು. ಪಕ್ಕದ ಅಂಗಡಿಯ ಇಬ್ಬರು ಎದ್ದು ಬಂದರು. ನಿಮ್ಮಲ್ಲಿ ಮರ ಹತ್ತುವವರು ಯಾರು, ದಿನಗೂಲಿ ಎಷ್ಟು, ಕ್ವಿಂಟಲಿಗೆ ಎಷ್ಟು ಬರುತ್ತದೆ ಎಂದು ಪ್ರಶ್ನೆಗಳು ಶುರುವಾದವು. ಕೊಳೆರೋಗದ ಬಗ್ಗೆ, ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುವ ಬಗ್ಗೆ ನಾನು ಹರಕುಮುರುಕು ಹಿಂದಿಯಲ್ಲಿ ವಿವರಿಸಿದೆ. ಆ ಕೊಂಗ್ ಒಂದು ಹೋಳು ಕೈಗಿತ್ತರು. ಬೇಯಿಸಿದ ಅಡಿಕೆಗೆ ಒಗ್ಗಿದ ನಾಲಿಗೆಗೆ ಹಸಿ ಅಡಿಕೆ ಸೊಕ್ಕದೆ ಇರುತ್ತದೆಯೇ? ಕಿವಿ ಬಿಸಿಯಾಗಿ ಹಣೆಯಲ್ಲಿ ಬೆವರೊಡೆಯಿತು. ಅಡಿಕೆ ಬೆಳೆಯುವವನಿಗೇ ಅಡಿಕೆ ಸೊಕ್ಕಿತೆಂದು ಅವರೆಲ್ಲ ನಕ್ಕರು. ಆ ನಗುವಿನ ನಂತರ ಅಲ್ಲಿ ನನಗೆ ಕುಳಿತುಕೊಳ್ಳಲು ಬೆತ್ತದ ಗಿಡ್ಡ ಪೀಠವೊಂದು ಸಿಕ್ಕಿತು.

ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿರುವುದು ನನಗೂ ಗೊತ್ತು. ನಮ್ಮೂರಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದರೆ ಮನೆಗೆ ಸೇರಿಸುವುದಿಲ್ಲ. ನಿಮಗೆ ಬೇಡವೆಂದಾದರೆ ಎರಡೂ ಕೈಯಲ್ಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಿ, ಅದಕ್ಕೆ ಯಾರೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ನಿಮಗೆ ಅಡಿಕೆ ತೋಟ ಇಲ್ಲದಿರಬಹುದು. ಆದರೆ ನಿಮ್ಮ ಕೈಗೆ, ತಲೆಗೆ ಗೊತ್ತಿರುವ ಒಂದು ಕಸುಬು ಇದ್ದೇ ಇರುತ್ತದೆ. ಶಿಲ್ಲಾಂಗಿನವರಿಗೆ ಫುಟ್‌ಬಾಲ್ ಮತ್ತು ಗಿಟಾರ್ ಎಂದರೆ ಪ್ರಾಣ. ನೀವು ಆಡುವವರೋ ನುಡಿಸುವವರೋ ಆಗಿದ್ದರೆ ನನಗಿಂತ ಅದೃಷ್ಟವಂತರು. ಹೊಲಿಗೆ, ಮರಗೆಲಸ, ಬೈಕ್ ರಿಪೇರಿ, ಶಾಲೆಯ ಪಾಠ, ಯಾವುದಾದರೂ ನಡೆಯುತ್ತದೆ. ‘ನಿಮ್ಮ ಸಂಸ್ಕೃತಿಯ ಬಗ್ಗೆ ಹೇಳಿ’ ಎಂದು ಕೇಳಿದರೆ ಯಾರಿಗೂ ಉತ್ತರ ತೋಚುವುದಿಲ್ಲ. ಸಾಗರದ ಪೇಟೆಯಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದರೆ ನಾನೂ ಬಸ್ಸಿಗೆ ಹೊತ್ತಾಯಿತು ಎನ್ನುತ್ತೇನೆ. ಕೆಲಸ ಬಲ್ಲವನು ಕೆಲಸದ ಬಗ್ಗೆ ಕೇಳಿದರೆ ಮಾತು ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ನಿಮ್ಮ ಮನೆ, ಕೆಲಸದ ಜಾಗ, ಅಡುಗೆಮನೆಯ ನಾಲ್ಕು ಚಿತ್ರಗಳನ್ನು ಇಟ್ಟುಕೊಂಡು ಹೋಗಿ. ಅವರ ಚಿತ್ರ ತೆಗೆಯುವ ಮೊದಲು ನಿಮ್ಮದನ್ನು ತೋರಿಸಿ.

‘ನಮ್ಮಲ್ಲೂ ಹೀಗೆಯೇ’ ಎನ್ನುವ ಮಾತಿಗೆ ಮಾತ್ರ ಒಂದು ಮಿತಿ ಇರಲಿ. ಮಲೆನಾಡಿನವರಿಗೆ ಖಾಸಿ ಬೆಟ್ಟಗಳಲ್ಲಿ ಆ ಆಮಿಷ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಮಳೆಯಲ್ಲಿ ಬಗ್ಗಿ ಕೆಲಸ ಮಾಡುವವರು ತಲೆಯಿಂದ ಬೆನ್ನಿನವರೆಗೆ ಹಾಕಿಕೊಳ್ಳುವ ಬಿದಿರು ಮತ್ತು ಎಲೆಯ ಕ್ನುಪ್ ನೋಡಿದರೆ ನಮ್ಮ ಗೊರಬು ನೆನಪಾಗುತ್ತದೆ. ಜೀವಂತ ಬೇರಿನ ಸೇತುವೆ ಬೆಳೆಸುವಾಗ ರಬ್ಬರ್ ಜಾತಿಯ ಆಲದ ಬೇರುಗಳನ್ನು ಸೀಳಿದ ಅಡಿಕೆ ದಬ್ಬೆಯೊಳಗೆ ಹಾಯಿಸಿ ಹಳ್ಳ ದಾಟಿಸುತ್ತಿದ್ದರು ಎಂದು ಕೇಳಿದಾಗ, ನಮ್ಮ ಹಳ್ಳಗಳ ಮೇಲಿನ ಸಂಕ ಕಣ್ಣಮುಂದೆ ಬರುತ್ತದೆ. ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿ ಎನ್ನುತ್ತಾರೆ ಎಂದು ಸೊಹ್ರಾದಲ್ಲಿ ಹೇಳುವ ಆಸೆಯೂ ಆಗುತ್ತದೆ. ಹೇಳಿ, ಆದರೆ ಒಂದೇ ಸಲ. 1860ರ ಆಗಸ್ಟ್‌ನಿಂದ ಒಂದು ವರ್ಷದಲ್ಲಿ 26,461 ಮಿಲಿಮೀಟರ್ ಮಳೆ ಕಂಡ ಊರದು, ನಮ್ಮ ಆಗುಂಬೆಯ ಲೆಕ್ಕ ಅವರಿಗೆ ತುಂತುರು. ಅಷ್ಟು ಮಳೆ ಸುರಿದೂ ಚಳಿಗಾಲದಲ್ಲಿ ಅಲ್ಲಿ ಕುಡಿಯುವ ನೀರಿಗೆ ಪರದಾಟ. ಆ ಪರದಾಟದ ಬಗ್ಗೆ ಕೇಳಿದರೆ ನಿಜವಾದ ಮಾತುಕತೆ ಶುರುವಾಗುತ್ತದೆ. ಎಲ್ಲಕ್ಕೂ ನಮ್ಮದನ್ನೇ ಜೋಡಿಸುತ್ತ ಹೋದರೆ ಎದುರಿನವರ ಬಾಯಿ ಕಟ್ಟಿದಂತಾಗುತ್ತದೆ.

ಅವರಿಗೆ ಕೇಳಿ ಕೇಳಿ ಸಾಕಾಗಿರುವ ಪ್ರಶ್ನೆಯೊಂದಿದೆ: ‘ನಿಮ್ಮಲ್ಲಿ ಹೆಂಗಸರದೇ ರಾಜ್ಯಭಾರವಂತೆ?’ ಮಕ್ಕಳಿಗೆ ತಾಯಿಯ ಕುಲದ ಹೆಸರು, ತಾಯಿಮನೆಯ ಹೊಣೆ ಕಿರಿಯ ಮಗಳಿಗೆ, ಇದು ನಿಜ. ಆದರೆ ಸೋದರಮಾವನ ಮಾತಿಗೆ ಮನೆಯಲ್ಲಿ ತೂಕ ಹೆಚ್ಚು, ಊರಿನ ದರ್ಬಾರಿನಲ್ಲಿ, ಅಂದರೆ ಹಳ್ಳಿಯ ಪಂಚಾಯ್ತಿಯಂಥ ಸಭೆಯಲ್ಲಿ, ಸಂಪ್ರದಾಯದಂತೆ ಕೂರುತ್ತಿದ್ದವರು ಗಂಡಸರು. ನೀವು ದಕ್ಷಿಣ ಕನ್ನಡದವರಾಗಿದ್ದು ಅಳಿಯಸಂತಾನದ ಮನೆತನದವರಾದರೆ ಈ ವಿಷಯದಲ್ಲಿ ಪ್ರಶ್ನೆ ಕೇಳುವುದಕ್ಕಿಂತ ನಿಮ್ಮ ಮನೆಯ ಕಥೆ ಹೇಳುವುದು ಮೇಲು.

ಹಳ್ಳಿಯ ಜನ ಒಟ್ಟಿಗೆ ಸಿಗುವುದು ಸಂತೆಯಲ್ಲಿ. ಖಾಸಿಗಳ ಸಾಂಪ್ರದಾಯಿಕ ವಾರಕ್ಕೆ ಎಂಟು ದಿನ, ಸಂತೆಗಳು ಆ ಲೆಕ್ಕದಲ್ಲೇ ತಿರುಗುತ್ತವೆ. ಈ ವಾರ ಸೋಮವಾರ ಆದದ್ದು ಮುಂದಿನ ಸಲ ಮಂಗಳವಾರ. ಸೊಹ್ರಾದ ಸಂತೆ ಯಾವತ್ತು ಎಂದು ಶಿಲ್ಲಾಂಗಿನಲ್ಲೇ ವಿಚಾರಿಸಿಕೊಂಡು ಹೊರಡಿ. ಒಂಟಿ ಗಾಡಿ ಗೊತ್ತುಮಾಡಬೇಡಿ, ಬಡಾ ಬಜಾರ್ ಬಳಿಯಿಂದ ಹೊರಡುವ ಬಾಡಿಗೆ ಸುಮೋದಲ್ಲಿ ಕೂರಿ. ಅದು ಭರ್ತಿಯಾಗುವವರೆಗೆ ಹೊರಡುವುದಿಲ್ಲ. ಆ ಕಾಯುವ ಹೊತ್ತಿನಲ್ಲಿ ಎಲ್ಲರೂ ಒಟ್ಟಾಗಿ ಚಾಲಕನನ್ನು ಶಪಿಸುತ್ತಾರೆ; ನೀವೂ ಸೇರಿಕೊಳ್ಳಿ. ನೃತ್ಯದ ಹಬ್ಬಗಳು ಕಣ್ಣಿಗೆ ಚೆಂದ, ಆದರೆ ಪರಿಚಯ ಮಾಡಿಕೊಳ್ಳಲು ಅದು ಸಮಯವಲ್ಲ, ಅಂದು ಊರಿನವರೆಲ್ಲ ಸ್ವಂತ ನೆಂಟರ ಗದ್ದಲದಲ್ಲಿರುತ್ತಾರೆ.

ಇಷ್ಟೆಲ್ಲ ಮಾಡಿದರೂ ಸಂಜೆಯ ಹೊತ್ತು ಕಷ್ಟ. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ, ಎಲ್ಲರೂ ಅವರವರ ಮನೆ ಸೇರುತ್ತಾರೆ. ವಸತಿಗೃಹದ ಕೋಣೆಯಲ್ಲಿ ಕುಳಿತು ಇಲ್ಲಿಗೆ ಯಾಕೆ ಬಂದೆ ಎನ್ನಿಸುವುದು ಆಗ. ಇದಕ್ಕೆ ಮದ್ದು ನನಗೆ ಸಿಕ್ಕಿಲ್ಲ. ಗುವಾಹಟಿಯಲ್ಲಿ ವರ್ಷಗಟ್ಟಲೆ ಇದ್ದಾಗಲೂ ಆ ಹೊತ್ತು ಹಾಗೆಯೇ ಇತ್ತು. ಊರಿಗೆ ಫೋನ್ ಮಾಡುತ್ತಿದ್ದೆ, ಬೇಗ ಮಲಗುತ್ತಿದ್ದೆ. ಅದನ್ನು ಪ್ರವಾಸ ಕೆಟ್ಟಿತು ಎಂಬುದರ ಲಕ್ಷಣವೆಂದು ತಿಳಿಯಬೇಡಿ.

ಟಿಕೆಟ್ ಇನ್ನೂ ಮಾಡಿಸಿಲ್ಲವಾದರೆ ಭಾನುವಾರ ಶಿಲ್ಲಾಂಗ್ ತಲುಪುವಂತೆ ಮಾಡಿಸಬೇಡಿ. ಅಂದು ಬಹುಪಾಲು ಜನ ಚರ್ಚಿನಲ್ಲಿರುತ್ತಾರೆ, ಮಾರುಕಟ್ಟೆ ಮುಚ್ಚಿರುತ್ತದೆ, ಸುಮೋಗಳೂ ಕಡಿಮೆ. ಸೋಮವಾರ ಬೆಳಗ್ಗೆ ತಲುಪಿದರೆ ನೇರ ಕೊಂಗ್ ಅಂಗಡಿಗೆ ಹೋಗಬಹುದು.