ಕೇರಳದ ಶುಂಠಿ ಬೆಳೆಗಾರರು ನಮ್ಮ ಕಡೆ ಜಮೀನು ಗುತ್ತಿಗೆ ಪಡೆಯುತ್ತಾರಲ್ವಾ, ಆ ಒಪ್ಪಂದಕ್ಕೆ ಕಾನೂನಿನ ಬಲ ಇದೆಯಾ?

ಬಹುತೇಕ ಇಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. 2020ರ ತಿದ್ದುಪಡಿ ಜಮೀನು ಕೊಳ್ಳುವುದನ್ನು ಸಡಿಲ ಮಾಡಿತು, ಗೇಣಿಯನ್ನಲ್ಲ.

ಆದರೂ ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಡಗಿನ ಕಡೆ ಇದು ಮಾಮೂಲು. ಶುಂಠಿಗೆ ಕೊಳೆರೋಗ ಬೇಗ ಹತ್ತುತ್ತದೆ, ರೋಗ ಮಣ್ಣಲ್ಲೇ ಉಳಿಯುತ್ತದೆ. ಹಾಗಾಗಿ ಒಂದೇ ಹೊಲದಲ್ಲಿ ಮತ್ತೆ ಮತ್ತೆ ಹಾಕಲು ಆಗಲ್ಲ. ವಯನಾಡಿನ ರೈತ ಹೊಸ ಮಣ್ಣು ಹುಡುಕಿಕೊಂಡು ಬರುವುದು ಅದಕ್ಕೇ.

ಮಾತು ಎಕರೆ ಲೆಕ್ಕದಲ್ಲಿ, ದುಡ್ಡು ಮುಂಗಡ. ಜಾಸ್ತಿ ಅಂದ್ರೆ ಛಾಪಾ ಕಾಗದದಲ್ಲಿ ನಾಲ್ಕು ಸಾಲು, ಇಬ್ಬರು ಸಾಕ್ಷಿ. ನೋಂದಣಿ ಇಲ್ಲ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಹೊರಗಿನವರ ಹೆಸರು ಬಂದರೆ ಜಮೀನೇ ಕೈತಪ್ಪುತ್ತದೆ ಎಂಬ ಭಯ ಮಾಲೀಕರಿಗೆ. 1974ರ 'ಉಳುವವನೇ ಹೊಲದೊಡೆಯ' ಕಾಲದ ನೆನಪು ಅದು! ಇದರಿಂದ ಮಳೆಗೆ ಬೆಳೆ ಕೊಚ್ಚಿಹೋದರೆ ಪರಿಹಾರ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವವರ ಖಾತೆಗೇ ಹೋಗುತ್ತದೆ, ಬೆಳೆದವನಿಗಲ್ಲ.

ಜಗಳ ಬರುವುದು ಹೆಚ್ಚಾಗಿ ಅವಧಿಯ ವಿಷಯಕ್ಕೆ. ರೇಟು ಬಿದ್ದರೆ ಶುಂಠಿಯನ್ನು ಕೀಳದೆ ಮಣ್ಣಲ್ಲೇ ಬಿಡಬಹುದು. ಮಾಲೀಕರು ಜೋಳ ಬಿತ್ತಲು ಕಾಯುತ್ತಿರುತ್ತಾರೆ, ಇವರು ಬೆಲೆಗೆ ಕಾಯುತ್ತಿರುತ್ತಾರೆ. ಜಮೀನು ಬಿಟ್ಟುಕೊಡುವ ತಾರೀಕು, ಬೋರ್‌ವೆಲ್ ಕೊನೆಗೆ ಯಾರದ್ದು, ಈ ಎರಡನ್ನಾದರೂ ಬರೆದಿಟ್ಟುಕೊಳ್ಳಿ. ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಆದರೆ ಊರ ಹಿರಿಯರ ಮುಂದೆ ತೋರಿಸಲು ಬೇಕಾಗುತ್ತದೆ.