ಸ್ಟ್ರೆಂತ್ ಇದೆ, ಚಿತ್ರ ಇಲ್ಲ

ಪ್ರಶ್ನೆ: ಗಾಳಿಮಳೆಗೆ ನಮ್ಮ ಡಿಡಿ ಫ್ರೀ ಡಿಶ್ ಛತ್ರಿ ತಿರುಗಿಬಿಟ್ಟಿದೆ. ಟಿವಿಯಲ್ಲಿ ಸಿಗ್ನಲ್ ಸ್ಟ್ರೆಂತ್ ಚೆನ್ನಾಗಿಯೇ ತೋರಿಸುತ್ತದೆ, ಕ್ವಾಲಿಟಿ ಸೊನ್ನೆ. ನಾವೇ ಸರಿ ಮಾಡಿಕೊಳ್ಳಬಹುದಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಖಂಡಿತ ಮಾಡಬಹುದು. ಸ್ಟ್ರೆಂತ್ ನಂಬಬೇಡಿ, ಎಲ್‌ಎನ್‌ಬಿಗೆ (ಛತ್ರಿಯ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಕರೆಂಟ್ ತಲುಪಿದರೂ ಸಾಕು, ಅದು ಏರುತ್ತದೆ. ನೋಡಬೇಕಾದ್ದು ಕ್ವಾಲಿಟಿ ಮಾತ್ರ.

ಮೊದಲು ಕಂಬ ನೆಟ್ಟಗಿದೆಯಾ ನೋಡಿ. ಅದು ವಾಲಿದ್ದರೆ ಮುಂದಿನ ಕೆಲಸವೆಲ್ಲ ಸುಮ್ನೆ ವ್ಯರ್ಥ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ಹಾವೇರಿಯಿಂದ ಅದು ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ, ಎತ್ತರ ದಿಗಂತದಿಂದ ಮೇಲಕ್ಕೆ ಸುಮಾರು 63 ಡಿಗ್ರಿ. ಮೊಬೈಲ್ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಹತ್ತಿರ ಹಿಡಿದರೆ ತಪ್ಪು ತೋರಿಸುತ್ತದೆ, ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಆ ಕಡೆ ತೆಂಗಿನ ಗರಿ ಅಡ್ಡ ಇರಬಾರದು.

ಸೆಟ್ ಟಾಪ್ ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಒಬ್ಬರು ಟಿವಿ ಮುಂದೆ ಕೂತು ಕ್ವಾಲಿಟಿ ಎಷ್ಟೆಂದು ಕೂಗಿ ಹೇಳಲಿ. ಛತ್ರಿಯನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿ, ಬಾಕ್ಸ್ ಸಿಗ್ನಲ್ ಹಿಡಿಯಲು ಎರಡು ಮೂರು ಸೆಕೆಂಡ್ ಬೇಕು, ಎಲ್ಲರೂ ಅವಸರ ಮಾಡುವುದು ಇಲ್ಲೇ ಅಲ್ವಾ! ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನೂ ಸ್ವಲ್ಪ ತಿರುಗಿಸಿ ನೋಡಿ, ಇನ್ನೂ ಜಾಸ್ತಿಯಾಗಬಹುದು. ನಟ್‌ಗಳನ್ನು ಒಂದೊಂದಾಗಿ ಬಿಗಿ ಮಾಡಿ, ಕೊನೆಗೆ ಚಾನೆಲ್ ಸ್ಕ್ಯಾನ್ ಕೊಡಿ.